ಕಾಫಿ ಕುಡಿಯೋದಾ, ಸೇದೋದಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ನೈಟ್ ಶಿಫ್ಟ್ ಮಾಡುತ್ತೇನೆ. ರಾತ್ರಿ ಮೂರು ಗಂಟೆಗೆ ಕಣ್ಣು ಎಳೆಯಲು ಶುರುವಾಗುತ್ತದೆ. ನಮ್ಮ ದೊಡ್ಡಪ್ಪನ ಮಗ ವಿದೇಶದಿಂದ ಬರುವಾಗ ಪೆನ್ನಿನಂಥ ಒಂದು ಇ-ಸಿಗರೇಟು ತಂದಿದ್ದಾನೆ. ‘ನಿಕೋಟಿನ್ ಇಲ್ಲ, ಕೆಫೀನ್ ಇದೆ’ ಎಂದು ಡಬ್ಬಿಯ ಮೇಲೆ ಬರೆದಿದೆ. ‘ಹತ್ತು ದಮ್ ಎಳೆದರೆ ಒಂದು ಕಾಫಿ ಕುಡಿದ ಹಾಗೆ, ಎದ್ದು ಹೋಗಿ ಕ್ಯೂ ನಿಲ್ಲೋದೂ ಬೇಡ’ ಅಂತಾನೆ. ಕೆಫೀನ್ ನಿಜವಾಗಿಯೂ ಆವಿಯಾಗಿ ಬರುತ್ತಾ? ಒಳಗಿರುವುದು ಖಾಲಿಯಾದ ಮೇಲೆ ಡಿಕಾಕ್ಷನ್ನೋ, ಆನ್‌ಲೈನ್‌ನಲ್ಲಿ ಸಿಗುವ ಕೆಫೀನ್ ಪುಡಿಯೋ ಹಾಕಿಕೊಳ್ಳಬಹುದಾ? ಸಿಗರೇಟು ಅಲ್ವಲ್ಲ, ತೊಂದರೆ ಏನು?
— ಹೆಸರು ಬೇಡ, ಬೆಂಗಳೂರು

ಉತ್ತರ: ಬರುತ್ತಾ ಅಂದರೆ ಬರುತ್ತದೆ. ಇದಕ್ಕೆ ನಾನು ಪುಸ್ತಕ ತೆಗೆಯಬೇಕಾಗಿಲ್ಲ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡಿದ್ದ ಅಷ್ಟೂ ವರ್ಷ, ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಕೆಫೀನನ್ನು ಆವಿ ಮಾಡಿ ತೋರಿಸಿದ್ದೇನೆ.

ಅದಕ್ಕೆ ತರಿಸುತ್ತಿದ್ದದ್ದು ಟೀಪುಡಿ. ಕಾಫಿ ಸೀಮೆಯಲ್ಲಿ ಕುಳಿತು ಟೀಯಿಂದ ಕೆಫೀನ್ ತೆಗೆಯೋದಾ ಎಂದು ನಗಬೇಡಿ. ತೂಕಕ್ಕೆ ತೂಕ ನೋಡಿದರೆ ಟೀಪುಡಿಯಲ್ಲೇ ಕೆಫೀನ್ ಜಾಸ್ತಿ. ಲೋಟಕ್ಕೆ ಹಾಕುವುದು ಕಮ್ಮಿ, ಅಷ್ಟೇ. ಕಾಫಿಯಲ್ಲಿ ಎಣ್ಣೆ ಬೇರೆ ಇರುತ್ತದೆ, ಬೇರ್ಪಡಿಸುವುದು ತಲೆನೋವು. ಟೀಪುಡಿಗೆ ನೀರು, ಒಂದಿಷ್ಟು ಸೋಡಿಯಂ ಕಾರ್ಬೊನೇಟ್ ಹಾಕಿ ಕುದಿಸಬೇಕು. ಬಟ್ಟೆಯಲ್ಲಿ ಸೋಸಿ, ತಣ್ಣಗಾದ ಮೇಲೆ ಕ್ಲೋರೋಫಾರಂ ಜೊತೆ ಅಲುಗಿಸಬೇಕು. ‘ಮೆಲ್ಲಗೆ’ ಎಂದು ನಾಲ್ಕು ಸಲ ಹೇಳಿದರೂ ಯಾರಾದರೊಬ್ಬರು ಮಜ್ಜಿಗೆ ಕಡೆದ ಹಾಗೆ ಕುಲುಕಿಬಿಡುತ್ತಿದ್ದರು. ಎರಡೂ ಬೆರೆತು ನೊರೆನೊರೆಯಾಗಿ ಆ ಬ್ಯಾಚಿನ ಮಧ್ಯಾಹ್ನವೇ ಹಾಳು. ಕ್ಲೋರೋಫಾರಂ ಹಾರಿಸಿದ ಮೇಲೆ ತಳದಲ್ಲಿ ಉಳಿಯುತ್ತಿದ್ದದ್ದು ಹಸಿರು ಬೆರೆತ ಒಂದು ಕೊಳಕು ಕರೆ. ಇದೇನಾ ಕೆಫೀನ್ ಎಂದು ಮಕ್ಕಳ ಮುಖ ಸಪ್ಪಗಾಗುತ್ತಿತ್ತು.

ನೋಡುವಂಥದ್ದು ಆಮೇಲೆ. ಆ ಕರೆ ಇರುವ ಪಿಂಗಾಣಿ ಬಟ್ಟಲನ್ನು ಬಿಸಿ ಮರಳಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಬೇಕು. ಬಟ್ಟಲ ಬಾಯಿಗೆ ಸಣ್ಣ ಸಣ್ಣ ತೂತು ಚುಚ್ಚಿದ ಫಿಲ್ಟರ್ ಪೇಪರ್. ಅದರ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ. ಆಲಿಕೆಯ ಬಾಲದಲ್ಲಿ ಹತ್ತಿ, ಮೈಮೇಲೆ ಒದ್ದೆ ಬಟ್ಟೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಮಕ್ಕಳು ಗಡಿಯಾರ ನೋಡಲು ಶುರು ಮಾಡುತ್ತಾರೆ. ಆಮೇಲೆ ಗಾಜಿನ ಒಳಮೈ ಮಬ್ಬಾಗುತ್ತದೆ. ಕಣ್ಣು ಹತ್ತಿರ ತಂದು ನೋಡಿದರೆ ಅವು ಸೂಜಿಗಳು. ರೇಷ್ಮೆ ಎಳೆಯಷ್ಟು ಸಣ್ಣ, ಬೆಳ್ಳಗೆ ಹೊಳೆಯುವ ನೂರಾರು ಸೂಜಿಗಳು ಗಾಜಿನ ಮೇಲೆ ಎದ್ದು ನಿಂತಿರುತ್ತವೆ. ಕೆಳಗಿನ ಕೊಳಕಿನಿಂದ ಎದ್ದು ಬಂದದ್ದು ಅಂದರೆ ನಂಬುವುದಕ್ಕಾಗುವುದಿಲ್ಲ. ನಮ್ಮ ಲ್ಯಾಬ್ ಅಟೆಂಡರ್ ಪ್ರತಿ ವರ್ಷ ಬಂದು ಬಗ್ಗಿ ನೋಡಿ ಒಂದೇ ಮಾತು ಹೇಳುತ್ತಿದ್ದರು: ‘ಇಷ್ಟಕ್ಕೆ ಅಷ್ಟು ಟೀಪುಡಿ ಕೆಡಿಸಿದ್ರಲ್ಲ ಮೇಡಂ.’

ಇದಕ್ಕೆ ಉತ್ಪತನ ಎನ್ನುತ್ತಾರೆ, ಹೈಸ್ಕೂಲಿನಲ್ಲಿ ಓದಿರುತ್ತೀರಿ. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ಕರಗಿ ನೀರಾಗದೆ ಸುಮ್ನೆ ಸವೆಯುತ್ತಾ ಹೋಗುತ್ತದಲ್ಲ, ಅದೇ. ಕರ್ಪೂರಕ್ಕೆ ನಮ್ಮ ಮನೆಯ ಬಿಸಿಯೇ ಸಾಕು. ಕೆಫೀನಿಗೆ ಸುಮಾರು 178 ಡಿಗ್ರಿ ಸೆಲ್ಸಿಯಸ್ ಬೇಕು. ಕಾಫಿ ಬೀಜ ಹುರಿಯುವ ಮೆಷಿನ್ನಿನಲ್ಲಿ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಹಾಗಾಗಿ ಬೀಜದಿಂದ ಒಂದು ಚೂರು ಕೆಫೀನ್ ಹಾರಿ ಹೊಗೆಕೊಳವೆಗೆ ಹೋಗಿ ಅಲ್ಲಿ ಕೂರುತ್ತದೆ. ದಿನಾ ಬೀಜ ಹುರಿಯುವವರನ್ನು ಕೇಳಿ ನೋಡಿ. ಕೊಳವೆ ಬಿಚ್ಚಿ ಗುಡಿಸುವಾಗ ಬಿಳಿ ಕೂದಲಿನಂಥದ್ದು ಉದುರುತ್ತದೆ ಎಂದು ಹೇಳುತ್ತಾರೆ. ಹಾಗಂತ ಕಪ್ಪಗೆ ಹುರಿದ ಬೀಜದಲ್ಲಿ ಕೆಫೀನ್ ಉಳಿದಿರುವುದಿಲ್ಲ ಎಂದುಕೊಳ್ಳಬೇಡಿ. ಹುರಿಯುವುದು ಕೆಲವೇ ನಿಮಿಷ, ಬಹುಪಾಲು ಬೀಜದೊಳಗೇ ಇರುತ್ತದೆ.

ಈ ಎರಡು ಕಡೆಯೂ ನಡೆದದ್ದನ್ನು ಗಮನಿಸಿ. ಕೆಫೀನ್ ಎದ್ದಿತು, ಹತ್ತಿರದ ತಣ್ಣನೆ ಜಾಗ ಸಿಕ್ಕಿದ ಕೂಡಲೇ ಸೂಜಿಯಾಗಿ ಕೂತುಬಿಟ್ಟಿತು. ನಿಮ್ಮ ಪೆನ್ನಿನಲ್ಲಿ ಕಾಯುವ ತಂತಿಗೂ ತುಟಿಗೂ ನಡುವೆ ಇರುವುದು ಅಂಥದೇ ಒಂದು ತಣ್ಣನೆ ಕೊಳವೆ.

ಆ ಪೆನ್ನಿನೊಳಗೆ ಒಂದು ಬ್ಯಾಟರಿ, ಒಂದು ಸುರುಳಿ ತಂತಿ, ಅದಕ್ಕೆ ತಾಗಿಕೊಂಡ ಹತ್ತಿ, ಹತ್ತಿ ಹೀರಿಕೊಳ್ಳುವ ದ್ರವ ಇರುತ್ತವೆ. ದ್ರವ ಅಂದರೆ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ತಂತಿ ಕಾದಾಗ ಇವು ಆವಿಯಾಗಿ, ಹೊರಗೆ ಬರುತ್ತಿದ್ದ ಹಾಗೆ ತಣಿದು ಸಣ್ಣ ಸಣ್ಣ ಹನಿಗಳಾಗುತ್ತವೆ. ನಿಮ್ಮ ಅಣ್ಣನ ಬಾಯಿಂದ ಬರುವ ಬಿಳಿ ಮೋಡ ನಂದಿ ಬೆಟ್ಟದ ಬೆಳಗಿನ ಮಂಜಿನ ಜಾತಿಯದು, ಹೊಗೆಯ ಜಾತಿಯದಲ್ಲ. ನಿಕೋಟಿನ್‌ಗೆ ಈ ಏರ್ಪಾಡು ಹೇಳಿ ಮಾಡಿಸಿದ ಹಾಗಿದೆ. ಅದು ತಾನೇ ಒಂದು ದ್ರವ, ಗ್ಲೈಕಾಲಿನಲ್ಲಿ ಹಾಲಿಗೆ ನೀರು ಬೆರೆತ ಹಾಗೆ ಬೆರೆಯುತ್ತದೆ, ಹನಿಯ ಜೊತೆ ಹಾಯಾಗಿ ಹೋಗುತ್ತದೆ. 2003ರ ಸುಮಾರಿಗೆ ಚೀನಾದ ಫಾರ್ಮಾಸಿಸ್ಟ್ ಹೊನ್ ಲಿಕ್ ಈಗಿನ ಇ-ಸಿಗರೇಟಿಗೆ ದಾರಿ ಹಾಕಿದ್ದೂ ನಿಕೋಟಿನ್‌ಗಾಗಿಯೇ.

ಕೆಫೀನ್ ಹಾಗಲ್ಲ. ಅದು ಪುಡಿ, ಕರಗುವುದಕ್ಕೂ ಹಟಮಾರಿ. ಕುದಿಯುವ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, 100 ಮಿಲಿ ಲೀಟರಿಗೆ 66 ಗ್ರಾಂ. ಅದೇ ನೀರು ತಣ್ಣಗಾದರೆ ಉಳಿಯುವುದು 2 ಗ್ರಾಂ ಮಾತ್ರ. ಗ್ಲೈಕಾಲ್, ಗ್ಲಿಸರಿನ್‌ನಲ್ಲೂ ಅದರದು ಇದೇ ಜಿಪುಣತನ. ಬಲವಂತವಾಗಿ ತುಂಬಿದರೆ ತಳದಲ್ಲಿ ಹರಳು ಕಟ್ಟುತ್ತದೆ, ಹತ್ತಿಗೆ ಮೆತ್ತಿಕೊಳ್ಳುತ್ತದೆ.

ಒಂದು ಲೆಕ್ಕ ಮಾಡೋಣ. ನಾನು ಧಾರಾಳವಾಗಿ ತಣ್ಣೀರಿನ ಲೆಕ್ಕವನ್ನೇ ಹಿಡಿಯುತ್ತೇನೆ, ಅಂದರೆ ಒಂದು ಮಿಲಿ ಲೀಟರಿನಲ್ಲಿ 20 ಮಿಲಿಗ್ರಾಂ. ಪೆನ್ನಿನಲ್ಲಿ 2 ಮಿಲಿ ಲೀಟರ್ ದ್ರವ ಇದೆ ಎನ್ನೋಣ. ಪೂರ್ತಿ ಪೆನ್ನಿನಲ್ಲಿ 40 ಮಿಲಿಗ್ರಾಂ ಆಯಿತು. ಒಂದು ದಮ್ಮಿಗೆ 5 ಮಿಲಿಗ್ರಾಂ ದ್ರವ ಖರ್ಚಾದರೆ ಅದರಲ್ಲಿ ಕೆಫೀನ್ 0.1 ಮಿಲಿಗ್ರಾಂ. ಒಂದು ಲೋಟ ಕಾಫಿಗೆ 80 ಮಿಲಿಗ್ರಾಂ ಎಂದು ಇಟ್ಟುಕೊಂಡರೆ ನೀವು ಎಳೆಯಬೇಕಾದದ್ದು 800 ದಮ್. ಎರಡು ಪೆನ್ನು ಖಾಲಿ. ಅದೂ ಒಂದು ಸೂಜಿಯೂ ಕೊಳವೆಯಲ್ಲಿ ಕೂರದೆ, ಎಳೆದದ್ದೆಲ್ಲ ಮೈಗೆ ಹತ್ತಿದರೆ. ನಿಮ್ಮ ಅಣ್ಣ ಹತ್ತು ದಮ್ ಅಂದರು. ಹತ್ತು ದಮ್ಮಿಗೆ ಬರುವುದು ಒಂದು ಮಿಲಿಗ್ರಾಂ. ಫಿಲ್ಟರಿನ ತಳದಲ್ಲಿ ಉಳಿದ ಡಿಕಾಕ್ಷನ್ ಬೆರಳಲ್ಲಿ ನೆಕ್ಕಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಹಾಗಾದರೆ ಒಂದು ಕಾಫಿ ಕುಡಿದ ಹಾಗೆ ಎಂದು ನಿಮ್ಮ ಅಣ್ಣನಿಗೆ ಅನ್ನಿಸಿದ್ದು? ರಾತ್ರಿ ಹನ್ನೊಂದಕ್ಕೆ ಕೈಯಲ್ಲಿ ಹೊಸ ಆಟಿಕೆ ಸಿಕ್ಕಿದರೆ ನನಗೂ ನಿದ್ದೆ ಬರುವುದಿಲ್ಲ. ಡಬ್ಬಿಯ ಮೇಲೆ ‘ಕಾಫಿ’ ಎಂದಿದ್ದರೂ ಮೋಸ ಹೋಗಬೇಡಿ. ಕಾಫಿಯ ವಾಸನೆ ಬೇರೆ, ಕೆಫೀನ್ ಬೇರೆ. ಕೆಫೀನಿಗೆ ವಾಸನೆಯೇ ಇಲ್ಲ, ಬರೀ ಕಹಿ. ಇನ್ನು ‘ಗ್ವಾರಾನಾ’ ಎಂದು ಬರೆದಿದ್ದರೆ ಅದು ಬ್ರೆಜಿಲ್ ಕಡೆಯ ಒಂದು ಬೀಜ. ಅದರಲ್ಲಿರುವುದೂ ಇದೇ ಕೆಫೀನ್, ಹೆಸರು ಮಾತ್ರ ಗಮ್ಮತ್ತಾಗಿದೆ.

ಅಷ್ಟು ಕಮ್ಮಿ ಬರುವುದಾದರೆ ಎಳೆದರೆ ಏನಾಯಿತು ಎಂದು ನೀವು ಕೇಳುತ್ತೀರಿ. ಕೆಫೀನ್ ಕಮ್ಮಿ ಬರುತ್ತದೆ, ಉಳಿದದ್ದು ಪೂರ್ತಿ ಬರುತ್ತದೆ. ಹೊಟ್ಟೆಗೆ ಹೋದದ್ದನ್ನು ಮೊದಲು ಕರುಳು, ಆಮೇಲೆ ಲಿವರ್ ವಿಚಾರಿಸಿಕೊಳ್ಳುತ್ತವೆ. ಶ್ವಾಸಕೋಶದಲ್ಲಿ ಅಂಥ ಚೆಕ್‌ಪೋಸ್ಟ್ ಇಲ್ಲ. ಅಲ್ಲಿಂದ ರಕ್ತ ನೇರ ಹೃದಯಕ್ಕೆ, ಮೆದುಳಿಗೆ. ತಿನ್ನುವುದಕ್ಕೆ ಒಳ್ಳೆಯದು ಎಂದ ಮಾತ್ರಕ್ಕೆ ಉಸಿರಿಗೂ ಒಳ್ಳೆಯದು ಎಂದು ಹೇಳುವ ಹಾಗಿಲ್ಲ. ವಿಟಮಿನ್ ಇ ಗೊತ್ತಲ್ಲ, ಚರ್ಮಕ್ಕೆ ಒಳ್ಳೆಯದು ಎಂದು ಕ್ಯಾಪ್ಸೂಲ್ ನುಂಗುತ್ತಾರೆ. ಅದರದೇ ಒಂದು ರೂಪವಾದ ವಿಟಮಿನ್ ಇ ಅಸಿಟೇಟನ್ನು ಅಮೆರಿಕದಲ್ಲಿ ಕೆಲವರು ಗಾಂಜಾ ಎಣ್ಣೆಯ ಪೆನ್ನುಗಳಲ್ಲಿ ಬೆರೆಸಿ ಮಾರಿದರು. 2019ರಲ್ಲಿ ಅಲ್ಲಿ ಹರಡಿದ ಶ್ವಾಸಕೋಶದ ಕಾಯಿಲೆಯ ಹಿಂದೆ ಮುಖ್ಯವಾಗಿ ಸಿಕ್ಕಿಬಿದ್ದದ್ದು ಅದೇ. 2020ರ ಫೆಬ್ರವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, 68 ಜನ ತೀರಿಕೊಂಡಿದ್ದರು.

ಡಿಕಾಕ್ಷನ್ ಹಾಕುವ ಯೋಚನೆಯನ್ನು ಇಲ್ಲಿಗೇ ಬಿಡಿ. ಡಿಕಾಕ್ಷನ್‌ನಲ್ಲಿ ಸಕ್ಕರೆ ಅಂಶ ಇದೆ, ನುಣ್ಣನೆಯ ಗಷ್ಟು ಇದೆ. ನಮ್ಮ ಸ್ಟೀಲ್ ಫಿಲ್ಟರ್ ಎಣ್ಣೆಯನ್ನೂ ತಡೆಯುವುದಿಲ್ಲ. ಕಾದ ತಂತಿಗೆ ಇದು ತಾಗಿದರೆ ಹಾಲು ಉಕ್ಕಿ ಸ್ಟೌ ಮೇಲೆ ಕರಕಲಾದ ಹಾಗೆ ಆಗುತ್ತದೆ, ಆ ಸುಟ್ಟದ್ದನ್ನೇ ನೀವು ಎಳೆದುಕೊಳ್ಳುತ್ತೀರಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ.

ಪುಡಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ನಿಮ್ಮ ಕಾಗದದಲ್ಲಿ ನನಗೆ ದಿಗಿಲು ಹುಟ್ಟಿಸಿದ್ದು ಪೆನ್ನಲ್ಲ, ಆ ಒಂದು ಪದ. ಶುದ್ಧ ಕೆಫೀನ್ ಪುಡಿ ಒಂದು ಟೀ ಚಮಚ ಅಂದರೆ ಸುಮಾರು 28 ಲೋಟ ಕಾಫಿ. ಇದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಕೊಟ್ಟ ಲೆಕ್ಕ. ಚಮಚದ ಹದಿನಾರನೇ ಒಂದು ಭಾಗದಲ್ಲೇ 200 ಮಿಲಿಗ್ರಾಂ ಇರುತ್ತದೆ. ಹದಿನಾರನೇ ಒಂದು ಭಾಗ ಅಳೆಯುವ ಚಮಚ ಯಾರ ಅಡುಗೆಮನೆಯಲ್ಲಿದೆ? 2014ರಲ್ಲಿ ಅಮೆರಿಕದಲ್ಲಿ ಇಬ್ಬರು ಹುಡುಗರು ಈ ಪುಡಿಯಿಂದಲೇ ಸತ್ತರು. ಲ್ಯಾಬಿನಲ್ಲಿ ನಾವು ಮಿಲಿಗ್ರಾಂ ತೂಗುವ ತಕ್ಕಡಿಗೆ ಗಾಜಿನ ಬಾಗಿಲು ಹಾಕಿಡುತ್ತಿದ್ದೆವು, ಫ್ಯಾನ್ ಗಾಳಿಗೆ ತೂಕ ಹೆಚ್ಚುಕಮ್ಮಿ ಆಗಬಾರದು ಎಂದು. ನೀವು ಮನೆಯಲ್ಲಿ ಟೇಬಲ್ ಮೇಲೆ ಪೇಪರ್ ಹಾಸಿಕೊಂಡು ಆ ಕೆಲಸ ಮಾಡಬೇಡಿ.

ಉಸಿರಿನಲ್ಲಿ ಕೆಫೀನ್ ಮಾರುವ ಯೋಚನೆ ಹೊಸದೇನಲ್ಲ. ಹಾರ್ವರ್ಡಿನ ಪ್ರೊಫೆಸರ್ ಡೇವಿಡ್ ಎಡ್ವರ್ಡ್ಸ್ 2012ರಲ್ಲಿ ‘ಏರೋಶಾಟ್’ ಎಂಬುದನ್ನು ಮಾರುಕಟ್ಟೆಗೆ ತಂದರು. ಬಿಸಿ ಇಲ್ಲ, ಬ್ಯಾಟರಿ ಇಲ್ಲ. ಬೆರಳುದ್ದದ ಕೊಳವೆಯಲ್ಲಿ 100 ಮಿಲಿಗ್ರಾಂ ಕೆಫೀನ್ ಪುಡಿ, ಒಂದಿಷ್ಟು ಬಿ ವಿಟಮಿನ್. ಬಾಯಿಗಿಟ್ಟು ಎಳೆದರೆ ಪುಡಿ ನಾಲಿಗೆಯ ಮೇಲೆ ಬೀಳುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಅದೇ ಆಹಾರ ಮತ್ತು ಔಷಧ ಇಲಾಖೆಯಿಂದ ಎಚ್ಚರಿಕೆಯ ಪತ್ರ ಬಂತು. ಉಸಿರಾಡುವುದು ಅನ್ನುತ್ತೀರಿ, ನುಂಗುವುದೂ ಅನ್ನುತ್ತೀರಿ, ಯಾವುದು ಹೇಳಿ ಎಂದು. ಗಮನಿಸಿ, ಅಷ್ಟು ಓದಿದವರು ಕೂಡ ಪುಡಿಯನ್ನು ಶ್ವಾಸಕೋಶಕ್ಕೆ ಇಳಿಸುವ ಗೋಜಿಗೆ ಹೋಗಲಿಲ್ಲ.

‘ಸಿಗರೇಟು ಅಲ್ವಲ್ಲ’ ಎಂದಿರಿ. ಕಾನೂನು ಹಾಗೆ ನೋಡುವುದಿಲ್ಲ. ಕರ್ನಾಟಕದಲ್ಲಿ ಇ-ಸಿಗರೇಟಿನ ಮಾರಾಟ 2016ರಲ್ಲೇ ನಿಂತಿತು. ಇಡೀ ದೇಶಕ್ಕೆ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ಆ ಕಾಯ್ದೆಯ ಪ್ರಕಾರ, ಒಂದು ಪದಾರ್ಥವನ್ನು ಕಾಯಿಸಿ ಉಸಿರಾಡುವ ಹಾಗೆ ಮಾಡುವ ಎಲೆಕ್ಟ್ರಾನಿಕ್ ಸಾಧನ ಇ-ಸಿಗರೇಟು. ಒಳಗೆ ನಿಕೋಟಿನ್ ಇರಲಿ, ಇಲ್ಲದಿರಲಿ. ಕೆಫೀನ್ ಪೆನ್ನು ನೇರವಾಗಿ ಇದರೊಳಗೆ ಬರುತ್ತದೆ. ತಯಾರಿಸುವುದು, ಮಾರುವುದು, ಜಾಹೀರಾತು ಕೊಡುವುದು, ಹೊರದೇಶದಿಂದ ತರುವುದು ಎಲ್ಲಕ್ಕೂ ನಿಷೇಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳು, ಐವತ್ತು ಸಾವಿರ. ನಿಮ್ಮ ಅಣ್ಣನಿಗೆ ಮುಂದಿನ ಸಲ ಚಾಕೊಲೇಟ್ ತರಲು ಹೇಳಿ.

ಇನ್ನು ರಾತ್ರಿ ಮೂರು ಗಂಟೆಯ ಕಥೆ. ಬೆಳಗಿನಿಂದ ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಎಂಬುದು ಜಮೆಯಾಗುತ್ತದೆ. ಅದು ಹೋಗಿ ಕೂರುವ ಸೀಟುಗಳಿವೆ. ಕೂತರೆ ನಿದ್ದೆ ಬರುತ್ತದೆ. ಕೆಫೀನ್ ಮಾಡುವುದು ಇಷ್ಟೇ, ಕಿಟಕಿಯಿಂದ ಕರ್ಚೀಫ್ ಹಾಕಿ ಬಸ್ಸಿನ ಸೀಟು ಹಿಡಿದ ಹಾಗೆ ಮೊದಲೇ ಹೋಗಿ ಆ ಸೀಟು ಹಿಡಿಯುತ್ತದೆ. ನಿಂತಿರುವ ಪ್ಯಾಸೆಂಜರ್‌ಗಳು ಕಮ್ಮಿಯಾಗುವುದಿಲ್ಲ. ಕರ್ಚೀಫ್ ಎತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಕಣ್ಣು ಎಳೆದ ಮೇಲೆ ದೊಡ್ಡ ಲೋಟ ಕುಡಿಯುವ ಬದಲು ಅದಕ್ಕೂ ಮೊದಲೇ ಅರ್ಧರ್ಧ ಲೋಟ ಎರಡು ಸಲ ಕುಡಿಯಿರಿ. ಕಂಪನಿಯಲ್ಲಿ ಮಲಗಲು ಜಾಗ ಇದ್ದರೆ ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಅಡ್ಡಾಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಮೇಲ್ಮಿತಿ. ಕುಡಿದದ್ದರಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಎಂಟಕ್ಕೆ ಮನೆಗೆ ಹೋಗಿ ಮಲಗುವುದಾದರೆ ರಾತ್ರಿ ಎರಡು ಗಂಟೆಯ ನಂತರ ಕಾಫಿ ಬೇಡ. ಕ್ಯೂ ನಿಲ್ಲುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆ ನಾಲ್ಕು ಹೆಜ್ಜೆ ನಡೆದದ್ದರಿಂದಲೇ ಅರ್ಧ ನಿದ್ದೆ ಹೋಗಿರುತ್ತದೆ.

ಪ್ರಶ್ನೆ: ಮೇಡಂ, ಕೆಫೀನ್ ಕರಗುವ ಬಿಂದು 235 ಡಿಗ್ರಿ ಎಂದು ಪುಸ್ತಕದಲ್ಲಿದೆ. ನಮ್ಮ ಲ್ಯಾಬಿನಲ್ಲಿ ಅದನ್ನು ನೋಡಲು ಹೋದರೆ ಅಷ್ಟು ಬಿಸಿ ಏರುವ ಮೊದಲೇ ಕೊಳವೆಯಲ್ಲಿದ್ದ ಪುಡಿ ಕಮ್ಮಿಯಾಗುತ್ತಾ ಹೋಯಿತು. ಎಕ್ಸಾಮಿನರ್ ನಾನು ತಪ್ಪು ಮಾಡಿದೆ ಎಂದರು. ತಪ್ಪು ಎಲ್ಲಾಯಿತು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕೊಳವೆಯ ಬಾಯಿ ಮುಚ್ಚಿದ್ದೆಯಾ ಮಗಳೇ? ಕೆಳತುದಿ ಎಲ್ಲರೂ ಮುಚ್ಚುತ್ತಾರೆ. ಕೆಫೀನಿಗೆ ಮೇಲಿನ ತುದಿಯನ್ನೂ ಉರಿಯಲ್ಲಿ ಹಿಡಿದು ಮುಚ್ಚಬೇಕು. ಇಲ್ಲದಿದ್ದರೆ ಕರಗುವ ಮೊದಲೇ ಆವಿಯಾಗಿ ಮೇಲೆ ಹೋಗಿ ಕೂರುತ್ತದೆ, ನೀನು ಕೆಳಗೆ ಕಾಯುತ್ತಾ ಕೂತಿರುತ್ತೀಯ. ಆ ಕೊಳವೆ ಇನ್ನೂ ಇದ್ದರೆ ಮೇಲ್ಭಾಗವನ್ನು ಲೆನ್ಸ್ ಹಿಡಿದು ನೋಡು. ಬಿಳಿ ಸೂಜಿ ಕಂಡರೆ ನಿನ್ನ ಕೆಫೀನ್ ಎಲ್ಲೂ ಹೋಗಿಲ್ಲ.

ಕೆಫೀನನ್ನು ಮೊದಲು ಬೇರ್ಪಡಿಸಿದವನೂ ನಿನ್ನ ಹಾಗೆ ಚಿಕ್ಕ ವಯಸ್ಸಿನವನೇ. 1819ರಲ್ಲಿ ಜರ್ಮನಿಯ ಯೇನಾದಲ್ಲಿ ಫ್ರೀಡ್‌ಲೀಬ್ ರುಂಗೆ ಎಂಬ ಹುಡುಗ, ಒಂದು ಗಿಡದ ರಸ ಬೆಕ್ಕಿನ ಕಣ್ಣಪಾಪೆಯನ್ನು ಹೇಗೆ ಅಗಲ ಮಾಡುತ್ತದೆ ಎಂದು ಕವಿ ಗಯಟೆಗೆ ತೋರಿಸಲು ಬೆಕ್ಕನ್ನು ಕಂಕುಳಲ್ಲಿ ಹಿಡಿದುಕೊಂಡು ಹೋದನಂತೆ. ಗಯಟೆ ಖುಷಿಯಾಗಿ ಒಂದಷ್ಟು ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ನೋಡು ಎಂದರು. ಅದರಲ್ಲಿ ಸಿಕ್ಕಿದ್ದು ಕೆಫೀನ್. ಬೆಕ್ಕು ಆಮೇಲೆ ಏನಾಯಿತು ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಿದ್ದರು, ನೀನು ಕೇಳಬೇಡ.

ಪ್ರಶ್ನೆ: ಮೇಡಮ್ಮನವರೇ, ನಾನು ರಿಟೈರ್ಡ್ ಬಸ್ ಕಂಡಕ್ಟರು. ಮೂವತ್ತು ವರ್ಷ ಬೀಡಿ ಸೇದಿದ್ದೆ. ಮೊಮ್ಮಗಳು ಹುಟ್ಟಿದ ಮೇಲೆ ಬಿಟ್ಟೆ, ಈಗ ಎರಡು ತಿಂಗಳಾಯಿತು. ಆಗಲೂ ದಿನಕ್ಕೆ ಐದು ಕಾಫಿ, ಈಗಲೂ ಐದೇ. ಆದರೆ ಈಗ ಸಂಜೆಯಾದರೆ ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಬೀಡಿ ಬಿಟ್ಟಿದ್ದಕ್ಕೆ ಹೀಗೆ, ಒಂದೆರಡು ಸೇದು ಸರಿ ಹೋಗುತ್ತದೆ ಅಂತ ಗೆಳೆಯರು ಹೇಳುತ್ತಾರೆ.
— ಹಿರಿಯೂರು

ಉತ್ತರ: ನಿಮ್ಮ ಗೆಳೆಯರು ಕಾರಣ ಅರ್ಧ ಸರಿ ಹೇಳಿದ್ದಾರೆ, ಔಷಧಿ ಪೂರ್ತಿ ತಪ್ಪು ಹೇಳಿದ್ದಾರೆ. ಒಂದು ಬೀಡಿಯನ್ನೂ ಮುಟ್ಟಬೇಡಿ.

ಕಾಫಿಯ ಕೆಫೀನನ್ನು ಕರಗಿಸಿ ಹೊರಗೆ ಹಾಕುವುದು ಲಿವರ್. ಅಲ್ಲಿ ಆ ಕೆಲಸಕ್ಕೆಂದೇ ಒಂದು ಕಿಣ್ವ ಇದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಟಾರ್ ಆ ಕಿಣ್ವಕ್ಕೆ ಚಾಟಿ ಬೀಸುತ್ತದೆ. ಹಾಗಾಗಿ ಸೇದುವವರ ಮೈಯಲ್ಲಿ ಕೆಫೀನ್ ಉಳಿಯುವುದು ಸೇದದವರಲ್ಲಿ ಉಳಿಯುವ ಹೊತ್ತಿನ ಹೆಚ್ಚುಕಮ್ಮಿ ಅರ್ಧ ಹೊತ್ತು ಮಾತ್ರ. ಮೂವತ್ತು ವರ್ಷ ನಿಮ್ಮ ಲಿವರ್ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓಡಿತು. ಬೀಡಿ ಬಿಟ್ಟ ಒಂದು ವಾರದಲ್ಲೇ ಅದು ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸಾಯಿತು. ಕಾಫಿ ಮಾತ್ರ ಐದೇ. ಬೆಳಗಿನದು ಇಳಿಯುವ ಮೊದಲೇ ಹನ್ನೊಂದು ಗಂಟೆಯದು ಹತ್ತುತ್ತದೆ, ಅದು ಇಳಿಯುವ ಮೊದಲು ನಾಲ್ಕು ಗಂಟೆಯದು. ಸಂಜೆಗೆ ಫುಟ್‌ಬೋರ್ಡಿನಲ್ಲೂ ಜನ. ಐದು ಕಾಫಿಗೆ ಹತ್ತು ಕಾಫಿಯ ಕಾಟ.

ಎರಡೂವರೆ ಲೋಟಕ್ಕೆ ಇಳಿಸಿ, ಮಧ್ಯಾಹ್ನ ಊಟದ ನಂತರ ಬೇಡ. ಒಂದೇ ದಿನ ಇಳಿಸಿದರೆ ತಲೆ ಸಿಡಿಯುತ್ತದೆ, ವಾರಕ್ಕೆ ಒಂದು ಲೋಟದಂತೆ ಕಮ್ಮಿ ಮಾಡಿ. ಬೀಡಿ ಬಿಟ್ಟವರು ಎಷ್ಟೋ ಜನ ಈ ಡವಡವವನ್ನು ಬೀಡಿಯ ಚಟದ ಕಾಟ ಎಂದುಕೊಂಡು ಮತ್ತೆ ಅಂಗಡಿಗೆ ಹೋಗುತ್ತಾರೆ. ಕಾಫಿ ಇಳಿಸಿಯೂ ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ ಇಸಿಜಿ ತೆಗೆಸಿ. ಆಸ್ತಮಾಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುತ್ತಿದ್ದರೆ ಬೀಡಿ ಬಿಟ್ಟ ವಿಷಯ ತಪ್ಪದೆ ಹೇಳಿ. ಆ ಮಾತ್ರೆಯೂ ಕೆಫೀನಿನ ದಾಯಾದಿ, ಅದರ ಡೋಸನ್ನೂ ಇಳಿಸಬೇಕಾಗಬಹುದು.

ಮೇಲೆ ಕಾಗದ ಬರೆದ ಬೆಂಗಳೂರಿನವರೂ ಇದನ್ನು ಓದಲಿ. ಲಿವರಿಗೆ ಚಾಟಿ ಬೀಸುವುದು ಸುಟ್ಟ ಎಲೆಯ ಟಾರ್, ನಿಕೋಟಿನ್ ಅಲ್ಲ. ಸಿಗರೇಟು ಬಿಟ್ಟು ಇ-ಸಿಗರೇಟಿಗೆ ಹೋದವರಿಗೂ ಕಾಫಿ ಹೀಗೇ ಏರುತ್ತದೆ.

ಪ್ರಶ್ನೆ: ನಮ್ಮ ಅತ್ತೆಗೆ ಡಾಕ್ಟರು ಕಾಫಿ ಬಿಡಿಸಿದ್ದಾರೆ. ಈಗ ನಮ್ಮ ಲೋಟ ತೆಗೆದುಕೊಂಡು ಹಬೆಗೆ ಮುಖ ಹಿಡಿದು ವಾಸನೆ ನೋಡಿ ವಾಪಸ್ ಕೊಡುತ್ತಾರೆ. ಆ ಹಬೆಯಲ್ಲಿ ಕೆಫೀನ್ ಇರುತ್ತದಾ?
— ಅರಸೀಕೆರೆ

ಉತ್ತರ: ಇರುವುದಿಲ್ಲ ಎಂದೇ ಹೇಳಬಹುದು. ಕೆಫೀನಿಗೆ 178 ಡಿಗ್ರಿ ಬೇಕು ಎಂದೆನಲ್ಲ, ಲೋಟದ ಕಾಫಿ ನೂರನ್ನೂ ಮುಟ್ಟಿರುವುದಿಲ್ಲ. ಹಬೆಯಲ್ಲಿ ಬರುವುದು ನೀರು ಮತ್ತು ಪರಿಮಳ. ನೋಡಿಕೊಳ್ಳಲಿ ಪಾಪ. ಬರೀ ಚಿಕೋರಿ ಹಾಕಿ ಒಂದು ಲೋಟ ಮಾಡಿಕೊಟ್ಟು ನೋಡಿ, ಅದರಲ್ಲಿ ಕೆಫೀನ್ ಇಲ್ಲ. ಬಣ್ಣಕ್ಕೆ, ಕಹಿಗೆ ತಕ್ಕಮಟ್ಟಿಗೆ ಹೊಂದುತ್ತದೆ. ನಿಮ್ಮ ಲೋಟ ಅವರ ಕೈಗೆ ಕೊಟ್ಟು ಒಳಗೆ ಮಾತ್ರ ಹೋಗಬೇಡಿ. ನಮ್ಮ ಅತ್ತೆಯೂ ವಾಸನೆ ನೋಡುತ್ತೇನೆ ಎಂದೇ ಶುರು ಮಾಡಿದ್ದು.